ನಾಟಕದ ಕೊಲೆಗಾರರೂ ನಮ್ಮಕ್ಕನೂ

ನಮ್ಮಕ್ಕನಿಗೆ ಕಂಡರಾಗದ ಕೊಲೆಗಾರರು ನಮ್ಮ ಜಿಲ್ಲೆಯ ತುಂಬ ಇದ್ದಾರೆ. ಗಾಬರಿಯಾಗಬೇಡಿ, ಒಬ್ಬರೂ ಜೈಲು ಕಂಡವರಲ್ಲ. ಒಬ್ಬರು ಸಾಲಿ ಮಾಸ್ತರರಾಗಿದ್ದು ಈಗ ಪಿಂಚಣಿಯಲ್ಲಿದ್ದಾರೆ. ಒಬ್ಬರು ಹುನಗುಂದದ ಸಂತೆಯಲ್ಲಿ ಒಣಮೆಣಸಿನಕಾಯಿ ಮಾರುತ್ತಾರೆ. ಇನ್ನೊಬ್ಬರಿಗೆ ಇರುವೆ ತುಳಿದರೂ ಕಣ್ಣಲ್ಲಿ ನೀರು ಬರುತ್ತದೆ. ಆದರೆ ಇವರೆಲ್ಲ ಒಂದಲ್ಲ ಒಂದು ಸಲ ಊರ ನಾಟಕದಲ್ಲಿ ಯಾರನ್ನಾದರೂ ಕೊಂದಿದ್ದಾರೆ. ಅಕ್ಕನ ಕೋರ್ಟಿಗೆ ಅಷ್ಟು ಸಾಕು!

ಅಕ್ಕನನ್ನು ಇಳಕಲ್ಲಿನ ನೇಕಾರರ ಮನೆಗೆ ಕೊಟ್ಟಿದ್ದು. ಮಗ್ಗದ ಮುಂದೆ ಕೂತರೆ ಬೆಟ್ಟದಷ್ಟು ತಾಳ್ಮೆ, ನಾಟಕದ ಮುಂದೆ ಕೂತರೆ ಸಾಸಿವೆಯಷ್ಟೂ ಇಲ್ಲ. ನಮ್ಮ ಕಡೆಯ ನಾಟಕಗಳಾದರೂ ಎಂಥವು? ಮೊದಲು ಪಾಪ, ಆಮೇಲೆ ಸೇಡು, ಕೊನೆಗೆ ಹುಚ್ಚು. ನಡುವೆ ಹಾಸ್ಯದವನು ಬಂದು ನಗಿಸದಿದ್ದರೆ ಅರ್ಧ ಊರು ಅತ್ತು ಅತ್ತೇ ಜ್ವರ ಹಿಡಿಸಿಕೊಳ್ಳುತ್ತಿತ್ತು.

ನನಗಿನ್ನೂ ಮೀಸೆ ಮೂಡಿರದ ಕಾಲ. ಹುನಗುಂದದ ಹತ್ತಿರದ ಒಂದು ಹಳ್ಳಿಯಲ್ಲಿ ತಮ್ಮನೇ ಅಣ್ಣನನ್ನು ಇರಿಯುವ ನಾಟಕ. ತಮ್ಮ ಚಾಕು ಎತ್ತಿದ, ಹಾರ್ಮೋನಿಯಂ ಏರಿತು, ಪಕ್ಕದಲ್ಲಿದ್ದ ಅಕ್ಕ ಕಾಣಲಿಲ್ಲ. ನೋಡಿದರೆ ಸ್ಟೇಜಿನ ಮೇಲಿದ್ದಾಳೆ! ಚಾಕು ಕಸಿದು, ಸೊಂಟಕ್ಕೆ ಸಿಕ್ಕಿಸಿಕೊಂಡು, ಬಂದ ದಾರಿಯಲ್ಲೇ ಬಂದು ಕೂತಳು. ಯಾರು ಕೇಳಿದರೂ ಕೊಡಲಿಲ್ಲ. ಕಡೆಗೆ ಸಾಯಬೇಕಾದ ಅಣ್ಣನೇ ಕೆಳಗಿಳಿದು ಬಂದು ಕೈ ಮುಗಿದ.

"ಅಕ್ಕಾರ, ಆ ಚಾಕು ಕೊಡ್ರಿ. ನಾ ಸಾಯಬೇಕಾಗೇತಿ, ಮಂದಿ ಕಾಯಾಕತ್ತಾರ."

ಅಕ್ಕ ಕೊಟ್ಟಳೇ? ಪಾಪ, ತಮ್ಮ ಬರಿಗೈಯಿಂದ ಕುತ್ತಿಗೆ ಹಿಚುಕಿ ಕೆಲಸ ಮುಗಿಸಬೇಕಾಯಿತು.

ಆ ತಮ್ಮನ ಪಾರ್ಟು ಮಾಡಿದವರೇ ಕೆಲವು ದಿನದ ಮೇಲೆ ಮಗಳ ಮದುವೆಗೆ ಸೀರೆ ಕೊಳ್ಳಲು ಅಕ್ಕನ ಮನೆಗೇ ಬಂದರು. ಬಿರುಬಿಸಿಲು. ಬೇರೆ ಯಾರೇ ಬಂದರೂ ನೀರು, ಬೆಲ್ಲ ಕೊಟ್ಟು ಕೂರಿಸುವ ಅಕ್ಕ ಇವರಿಗೆ ತಂಬಿಗೆ ಮುಟ್ಟಲಿಲ್ಲ. ಅದು ನಾಟಕರಿ ಅಕ್ಕಾರ ಎಂದು ಅವರು ನಕ್ಕರು.

"ನಾಟಕ ಖರೆ," ಎಂದಳು ಅಕ್ಕ. "ಆದ್ರ ಚುಚ್ಚಾಕ ಬಂದಾಗ ನಿಮ್ಮ ಮಾರಿ ಮ್ಯಾಲೆ ಖುಷಿ ಇತ್ತಲ್ಲ, ಅದನ್ನ ಯಾರು ಬರದುಕೊಟ್ಟಿದ್ರು?"

ಆ ಮನುಷ್ಯ ನಗು ನುಂಗಿ ಎದ್ದು ಹೋದರು. ಮುಂದಿನ ವರ್ಷದಿಂದ ಅವರು ಸಾಧುವಿನ ಪಾರ್ಟು ಬಿಟ್ಟು ಬೇರೆ ಮಾಡಲಿಲ್ಲ!

ನನ್ನ ಮಗಳಿಗೆ ಬಾದಾಮಿಯ ಗಂಡು ಗೊತ್ತಾದಾಗಲೂ ಹೀಗೇ. ಎಲ್ಲರಿಗೂ ಒಪ್ಪಿಗೆ. ಆದರೆ ಆ ಹುಡುಗ ಯಾವುದೋ ನಾಟಕದಲ್ಲಿ ರಾಜನಿಗೆ ವಿಷ ಹಾಕಿದ್ದನ್ನು ಅಕ್ಕ ನೋಡಿಬಿಟ್ಟಿದ್ದಳು. ಸಂಬಂಧ ಮುರಿಯಿತು. ಈಗ ಆತ ಅಲ್ಲೇ ಔಷಧದ ಅಂಗಡಿ ಇಟ್ಟುಕೊಂಡು ಚೆನ್ನಾಗಿದ್ದಾನೆ. ಈ ಸುದ್ದಿ ಹೇಳಿದರೆ ಅಕ್ಕ ಹುಬ್ಬು ಏರಿಸಿ, ನಾ ಅಂದಿದ್ದಿಲ್ಲೇನು, ಕೈಗೆ ಅದೇ ರೂಢಿ, ಎನ್ನುತ್ತಾಳೆ.

ಇಂಥ ಅಕ್ಕನ ಎದುರಿಗೆ ಈ ವರ್ಷ ನನ್ನ ಮೊಮ್ಮಗಳು ಕೊಲೆಗಾರ್ತಿಯಾಗಿ ನಿಂತಳು.

ಅವಳು ನಮ್ಮ ಮನೆಯಲ್ಲೇ ಇದ್ದು ವಿದ್ಯಾಗಿರಿಯಲ್ಲಿ ಕಾಲೇಜು ಓದುತ್ತಾಳೆ. ಅಲ್ಲಿ ಒಂದು ಹಳೆಯ ದುರಂತ ನಾಟಕ ಆಡುವುದಾಯಿತು. ಕಿರಿಯ ರಾಣಿ ಸಿಂಹಾಸನದ ಆಸೆಗೆ ಹಿರಿಯ ರಾಣಿಯ ಮಗುವಿಗೆ ಹಾಲಿನಲ್ಲಿ ವಿಷ ಕೊಡುತ್ತಾಳೆ. ಹಿರಿಯ ರಾಣಿಯ ಅಣ್ಣ ಸೇಡಿಗೆ ಕಿರಿಯಳ ಮಗುವನ್ನು ಕೊಲ್ಲುತ್ತಾನೆ. ಮಾಡಿದ ಪಾಪ ತಿರುಗಿ ಬಂದು ತಲೆಗೇರಿ ಕಿರಿಯ ರಾಣಿಗೆ ಹುಚ್ಚು ಹಿಡಿಯುತ್ತದೆ. ಹಾಲಿನ ಬಟ್ಟಲು ಹಿಡಿದು ಕಂಡಕಂಡವರಿಗೆ ಕುಡಿಯಿರಿ ಎಂದು ಅಂಗಲಾಚುತ್ತಾಳೆ. ಯಾರೂ ಕುಡಿಯುವುದಿಲ್ಲ. ಬಟ್ಟಲು ಕೈಜಾರಿ, ಅಲ್ಲೇ ಬಿದ್ದು ಸಾಯುತ್ತಾಳೆ.

ಆ ಕಿರಿಯ ರಾಣಿಯೇ ನನ್ನ ಮೊಮ್ಮಗಳು! ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟು ಹೊಲಿಗೆ ಮಷಿನ್ ತುಳಿದವನು ನಾನು. ಅವಳು ಪುಟಗಟ್ಟಲೆ ಮಾತು ಉಸಿರು ತಪ್ಪದೆ ಹೇಳುವುದನ್ನು ಕೇಳಿ ನನಗೆ ನೆಲ ಕಾಣಲಿಲ್ಲ. ನಮ್ಮ ನವನಗರದ ಕಾಯಿಪಲ್ಲೆಯವಳಿಗೆ, ಹಾಲಿನವನಿಗೆ, ಬ್ಯಾಂಕಿನ ಬಾಗಿಲು ಕಾಯುವವನಿಗೆ, ಎಲ್ಲರಿಗೂ ಹೇಳಿ ಬಂದೆ. ರಾಣಿಯ ಉಡುಪನ್ನೂ ನಾನೇ ಹೊಲಿದೆ. ನೆಲದ ಮೇಲೆ ಮೊಳದುದ್ದ ಹರಿದಾಡುವ ಸೆರಗು ಇಟ್ಟೆ. ರಾಣಿ ಎಂದರೆ ಸುಮ್ಮನೆಯೇ?

ಆದರೆ ಸುದ್ದಿ ಇಳಕಲ್ಲಿಗೂ ಮುಟ್ಟಿತು. ಈ ಹುಡುಗಿ ಕೂಸಾಗಿದ್ದಾಗ ತಾಯಿಗೆ ಬಹಳ ಬೇನೆ. ಅಕ್ಕನೇ ಇಳಕಲ್ಲಿಗೆ ಒಯ್ದು, ಮಗ್ಗದ ಪಕ್ಕದಲ್ಲಿ ತೊಟ್ಟಿಲು ಕಟ್ಟಿ ಬೆಳೆಸಿದವಳು. ಇವಳಿಗೆ ಆಯಿ ಎಂದರೆ ಅವಳೇ. ಆ ಆಯಿ ಫೋನಿನಲ್ಲಿ ಒಂದೇ ಮಾತು ಹೇಳಿದಳು.

"ಕೂಸಿನ ಹಾಲಿಗೆ ವಿಷಾ ಹಾಕಾಕಿ ಆಗೂದಾದ್ರ ನಮ್ಮ ಮನಿ ಹೊಸ್ತಿಲಾ ತುಳೀಬ್ಯಾಡ."

ಮೊಮ್ಮಗಳು ಮೊದಲು ನಕ್ಕಳು. ಆಮೇಲೆ ಫೋನ್ ಮಾಡಿದರೆ ಅಕ್ಕ ಎತ್ತಲಿಲ್ಲ. ಹುಡುಗಿಯ ಊಟ ಕಡಿಮೆಯಾಯಿತು. ತಾಲೀಮಿನಲ್ಲಿ ಮಾತು ಮರೆಯತೊಡಗಿದಳು. ಒಂದು ದಿನ ನನ್ನ ಮಷಿನ್ ಪಕ್ಕ ಬಂದು ಕೂತಳು.

"ಅಜ್ಜಾ, ನನಗ ಈ ಪಾರ್ಟ್ ಬ್ಯಾಡ. ಆಯಿ ಮನಿಗೆ ಕರಕೊಳ್ಳಲಿಲ್ಲಂದ್ರ ನಾ ಯಾರಿಗೆ ಮಾಡಿ ತೋರಸ್ಲಿ?"

ನಾನು ಮರುದಿನವೇ ಬಸ್ ಹತ್ತಿ ಇಳಕಲ್ಲಿಗೆ ಹೋದೆ. ಬೈದೆ, ಬೇಡಿದೆ, ಅವಳ ಮನೆಯಲ್ಲಿ ಉಣ್ಣುವುದಿಲ್ಲ ಎಂದು ಹಟ ಹಿಡಿದೆ. ಹಸಿದ ತಮ್ಮನನ್ನು ನೋಡಲಾರದೆ ಅಕ್ಕ ನಾಟಕಕ್ಕೆ ಬರಲು ಒಪ್ಪಿದಳು. ಆದರೆ ಹುಡುಗಿಯನ್ನು ಮನೆಗೆ ಕರೆದುಕೊಳ್ಳುವ ಮಾತು ಎತ್ತಬೇಡ ಎಂದಳು. ನಾಟಕ ಕಲಿಸುವ ಸರ್‌ಗೆ ಅಕ್ಕನ ಚರಿತ್ರೆ ಗೊತ್ತಾಗಿ, ಅಜ್ಜಾರ, ಅವರ ಸೆರಗು ಬಿಡಬ್ಯಾಡ್ರಿ ಎಂದು ನನ್ನ ಕೈ ಹಿಡಿದು ಕೇಳಿಕೊಂಡರು.

ನಾಟಕದ ಸಂಜೆ ಮುಂದಿನ ಸಾಲಿನಲ್ಲಿ ಕೂತು ಅಕ್ಕನ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದೆ. ವಿಷದ ದೃಶ್ಯ ಬಂದಾಗ ಸೆರಗು ಒಮ್ಮೆ ಜಗ್ಗಿತು. ನಾನು ಬಿಡಲಿಲ್ಲ. ಅಕ್ಕ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡಳು. ಸೇಡಿನ ದೃಶ್ಯಕ್ಕೆ ಹಿಂದಿನವರು ಚಪ್ಪಾಳೆ ಹೊಡೆದರು. ಅಕ್ಕ ಮೆಲ್ಲಗೆ ಕೇಳಿದಳು.

"ಇದರಿಂದ ಮೊದಲಿನ ಕೂಸು ಎದ್ದು ಬಂತೇನೋ ತಮ್ಮಾ?"

ನಾನು ಸೆರಗನ್ನು ಇನ್ನಷ್ಟು ಬಿಗಿಯಾಗಿ ಹಿಡಿದೆ.

ಹುಚ್ಚಿನ ದೃಶ್ಯ ಬಂತು. ಕೂದಲು ಕೆದರಿಕೊಂಡು ಬಟ್ಟಲು ಹಿಡಿದು ಬಂದವಳು ನನ್ನ ಮೊಮ್ಮಗಳು ಎಂಬುದೇ ನನಗೆ ಮರೆತುಹೋಯಿತು. ಕುಡಿಯಿರಿ, ಒಂದೇ ಗುಟುಕು, ಇದು ಬರೀ ಹಾಲು ಎನ್ನುತ್ತ ಮಂತ್ರಿಯ ಹತ್ತಿರ ಹೋದಳು, ಅವನು ಸರಿದ. ದಾಸಿಯರ ಹತ್ತಿರ ಹೋದಳು, ಅವರು ಮುಖ ಮುಚ್ಚಿಕೊಂಡರು. ಅವಳು ಅಂಗಲಾಚುವುದು ನಾಟಕವೋ ಖರೆಯೋ ತಿಳಿಯದೆ ನಾನು ಕಣ್ಣೊರೆಸಿಕೊಂಡೆ. ಕಣ್ಣು ಬಿಟ್ಟಾಗ ಮುಷ್ಟಿಯಲ್ಲಿ ಸೆರಗಿರಲಿಲ್ಲ.

ಅಕ್ಕ ಮೊಣಕಾಲಿಗೆ ಕೈ ಊರಿ ಸ್ಟೇಜಿನ ಮೆಟ್ಟಿಲು ಹತ್ತುತ್ತಿದ್ದಳು. ಪರದೆಯ ಪಕ್ಕದಲ್ಲಿ ಸರ್ ತಲೆ ಹಿಡಿದುಕೊಂಡು ನಿಂತಿದ್ದು ಕಂಡಿತು. ಅಕ್ಕ ನೇರ ರಾಣಿಯ ಮುಂದೆ ಹೋಗಿ ಕೈ ಚಾಚಿದಳು.

"ಇಲ್ಲಿ ತಾ ಯವ್ವಾ. ನಾ ಕುಡೀತೇನಿ."

ಆ ಬಟ್ಟಲು ನಮ್ಮ ಮನೆಯದು, ಒಳಗೆ ಹಾಲಿರಲಿ, ಹನಿ ನೀರೂ ಇರಲಿಲ್ಲ. ಅಕ್ಕ ಒಳಗೆ ನೋಡಿದಳು. ಆಮೇಲೆ ಅದನ್ನು ತುಟಿಗಿಟ್ಟು ಒಂದೊಂದೇ ಗುಟುಕು, ಕಂಠ ಆಡಿಸುತ್ತ, ತಳ ಕಾಣುವ ತನಕ ಕುಡಿದಳು. ಬಾಯಿ ಒರೆಸಿಕೊಂಡಳು. ಅದೇ ಸೆರಗಿನಿಂದ ರಾಣಿಯ ಕೆನ್ನೆಯನ್ನೂ ಒರೆಸಿದಳು.

ರಾಣಿ ಅಲ್ಲಿ ಬಿದ್ದು ಸಾಯಬೇಕಿತ್ತು. ಸಾಯಲಿಲ್ಲ.

"ಆಯಿ, ನಾ ಮನಿಗೆ ಬರ್ಲೇನು?" ಎಂದಳು.

ಅಕ್ಕ ಅವಳ ಕೈ ಹಿಡಿದು ಮೆಟ್ಟಿಲು ಇಳಿಸತೊಡಗಿದಳು. ನಾನು ಎದ್ದು ಹೋಗಿ, ಕಾಲಿಗೆ ತೊಡರದಂತೆ, ರಾಣಿಯ ಉದ್ದನೆಯ ಸೆರಗನ್ನು ಎತ್ತಿ ಹಿಡಿದುಕೊಂಡೆ.