ಇಸ್ಪೀಟಿಗೊಬ್ಬ ಜೊತೆಗಾರ

ಒಂಟಿಯಾಗಿರುವವನಿಗೆ ನಗು ಬರುವಂಥ ಪ್ರಸಂಗಗಳು ಒಂದರ ಹಿಂದೆ ಒಂದು ನಡೆಯುತ್ತಲೇ ಇರುತ್ತವೆ. ಹೇಳಿಕೊಂಡು ನಗಲು ಮಾತ್ರ ಯಾರೂ ಸಿಗುವುದಿಲ್ಲ. ಡಾಟ್ ಕಾಮ್ ಭರಾಟೆಯ ದಿನಗಳಲ್ಲಿ ನಾನು ಅಮೆರಿಕದ ಮಿಲ್ಪಿಟಾಸಿನ ಒಂದು ಪುಟ್ಟ ಕಂಪನಿಯಲ್ಲಿದ್ದೆ. ಇಂಟರ್ನೆಟ್ಟಿನಲ್ಲಿ ಪೋಕರ್ ಎಂಬ ಇಸ್ಪೀಟಿನ ಜೂಜು ಆಡಿಸುವ ಸಾಫ್ಟ್‌ವೇರು ನಮ್ಮದು, ಗಿರಾಕಿ ಇಂಗ್ಲೆಂಡಿನವನು. ಇಡೀ ದಿನ ಇಸ್ಪೀಟಿನದೇ ಕೆಲಸ. ಮನೆಗೆ ಬಂದರೆ ಒಂದು ಆಟ ಆಡಲು ನರಪಿಳ್ಳೆಯಿಲ್ಲ.

ಖುದ್ದು ಹಾಜರಿ

ಇಂಗ್ಲೆಂಡಿನ ಆಗಿನ ಕಾನೂನು ಬಲು ಬಿಗಿ. ಪೋಕರ್ ಆಡುವವನು ಪರವಾನಗಿ ಇರುವ ಕ್ಲಬ್ಬಿನ ಸದಸ್ಯನಾಗಬೇಕು, ಅರ್ಜಿ ಕೊಟ್ಟು ಒಂದು ದಿನ ಕಾಯಬೇಕು, ಆಡುವಾಗ ಖುದ್ದಾಗಿ ಅಲ್ಲೇ ಕೂತಿರಬೇಕು. ಜನ ಒಟ್ಟಿಗೆ ಕೂರಲೇಬೇಕೆಂದು ಕಾನೂನು ಮಾಡಿದ ದೇಶದ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು.

ಆದರೆ ಇಂಟರ್ನೆಟ್ಟಿನಲ್ಲಿ ಆಡುವವರು ಅವರವರ ಮನೆಯಲ್ಲೇ ಇರುತ್ತಾರಲ್ಲ, ಏನು ಮಾಡೋಣ ಎಂದು ಮಂಗಳೂರಿನವರಾದ ನಮ್ಮ ಮ್ಯಾನೇಜರು ಅಲ್ಲಿನ ವಕೀಲರನ್ನು ಫೋನಿನಲ್ಲಿ ಕೇಳಿದರು. ವಕೀಲರು ಅರ್ಧ ಗಂಟೆ ವಿವರಿಸಿದರು. ಮ್ಯಾನೇಜರು ಫೋನಿಟ್ಟು ನನ್ನ ಕಡೆ ತಿರುಗಿದರು.

"ಸರ್ವರು ಹೊರದೇಶದಲ್ಲಿದ್ದರೆ ಆಟ ಆ ದೇಶದಲ್ಲಿ ನಡೆದಂತೆಯೇ ಅಲ್ಲವಂತೆ ಮಾರಾಯ. ನೀನು ಸೋಮವಾರದೊಳಗೆ ಮುಗಿಸಿಬಿಡು."

ನಾಲ್ವರು ಆಪ್ತರು

ಗೆಳೆಯರು ಒಂದೇ ಟೇಬಲಿಗೆ ಸೇರಿ ಒಳಗೊಳಗೇ ತಮ್ಮ ಎಲೆ ಹೇಳಿಕೊಂಡರೆ ಅದು ಮೋಸ. ಅಂಥವರನ್ನು ಹಿಡಿಯುವ ಪ್ರೋಗ್ರಾಮು ಬರೆಯುವುದು ನನ್ನ ಪಾಲಿಗೆ ಬಂತು. ಪರೀಕ್ಷೆಗೆಂದು ನಾಲ್ಕು ಕಂಪ್ಯೂಟರಿನಲ್ಲಿ ನಾಲ್ಕು ಹೆಸರಿಟ್ಟುಕೊಂಡು, ಕುರ್ಚಿ ಉರುಳಿಸಿಕೊಂಡು ಓಡಾಡುತ್ತಾ ನಾನೊಬ್ಬನೇ ಆಡಿದೆ.

ಎರಡನೆಯ ದಿನ ಪ್ರೋಗ್ರಾಮು ಎಚ್ಚರಿಕೆ ಕೊಟ್ಟಿತು: ಈ ನಾಲ್ವರೂ ಒಟ್ಟಿಗೆ ಬರುತ್ತಾರೆ, ಒಟ್ಟಿಗೆ ಊಟಕ್ಕೆ ಏಳುತ್ತಾರೆ, ಆಪ್ತ ಸ್ನೇಹಿತರಿರಬೇಕು, ಬೇರ್ಪಡಿಸಿ. ನನಗೂ ಸ್ನೇಹಿತರಿದ್ದಾರೆಂದು ಅಮೆರಿಕದಲ್ಲಿ ಮೊದಲು ಅನುಮಾನಪಟ್ಟಿದ್ದು ಅದೇ.

ತೊಡೆಯ ಕೆಳಗಿನ ಎಲೆ

ಹತ್ತಿರದ ಕ್ಯುಪರ್ಟಿನೋದ ಕನ್ನಡದವರ ಮನೆಗೆ ಕಾಫಿಗೆ ಹೋಗಬೇಕಾದರೂ ಮೂರು ವಾರ ಮುಂಚೆ ಫೋನು ಮಾಡಬೇಕು. ಹೀಗಿರುವಾಗ ಒಂದು ಭಾನುವಾರ ಬೆಳಿಗ್ಗೆ ಯಾರೋ ಸೀದಾ ಬಂದು ನನ್ನ ಬಾಗಿಲು ತಟ್ಟಿದರು. ಪಕ್ಕದ ಅಪಾರ್ಟ್‌ಮೆಂಟಿನವರ ಮಾವ, ಹುಬ್ಬಳ್ಳಿಯಿಂದ ಬಂದ ಹಿರಿಯರು. ಕೈಯಲ್ಲಿ ಇಸ್ಪೀಟಿನ ಕಟ್ಟು.

"ರಮ್ಮಿ ಆಡ್ತೀರೇನ್ರಿ?"

ಮೂರನೆಯ ಆಟದಲ್ಲಿ ಅವರು ಒಂದು ಎಲೆಯನ್ನು ತೊಡೆಯ ಕೆಳಗೆ ಸೇರಿಸಿದರು. ಆಮೇಲೆ ಒಂದು ಅಂಗಿಯ ತೋಳಿಗೆ ಹೋಯಿತು. ನಾನು ಕಿಟಕಿಯ ಕಡೆ ನೋಡುತ್ತಾ ಕೂತೆ. ಹಿಡಿದುಬಿಟ್ಟರೆ ಬೇಜಾರಾಗಿ ನಾಳೆ ಬರಲಿಕ್ಕಿಲ್ಲ. ಸೋತರೆ ಸೋತೆ, ಈ ಮನುಷ್ಯ ಮತ್ತೆ ಬಂದರೆ ಸಾಕಾಗಿತ್ತು ನನಗೆ. ಹನ್ನೊಂದು ಆಟ ಸೋತೆ.

ಕೊನೆಗೆ ಅವರು ಸಪ್ಪೆ ಮುಖ ಮಾಡಿಕೊಂಡು ಎದ್ದರು.

"ನಾಳೆ ಬರ್ತೀರಲ್ಲ?" ಅಂದೆ.

"ನಿಮ್ಮ ಜೋಡಿ ಆಡೂದು ಬ್ಯಾಸರ ಬಿಡ್ರಿ. ಬೆಳಗ್ಗಿಂದ ಎಷ್ಟ್ ಎಲಿ ಮುಚ್ಚಿಟ್ಟೆ, ಒಂದರ ಹಿಡದ್ರೇನು? ಮಗಳ ಮನ್ಯಾಗ ನನ್ನ ಜೋಡಿ ಜಗಳಾ ಆಡಾಕ ಯಾರಿಗೂ ಪುರಸತ್ತಿಲ್ಲ. ಅದಕ್ಕ ಇಲ್ಲಿ ಬಂದ್ರ, ನೀವೂ ಹಂಗ." ಚಪ್ಪಲಿ ಮೆಟ್ಟುತ್ತಾ ಕೇಳಿದರು, "ನಿಮ್ಮದು ಏನ್ ಕೆಲಸರಿ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಇಸ್ಪೀಟಿನಲ್ಲಿ ಮೋಸ ಹಿಡಿಯೋದು."

ಅವರು ಮೆಟ್ಟಿದ ಚಪ್ಪಲಿ ಬಿಟ್ಟರು. ವಾಪಸು ಬಂದು ಕೂತರು.

"ಎಲಿ ಹಂಚ್ರಿ. ಕೆಲಸಾ ಕಲಿಸ್ತೀನಿ."