ಹೊರುವವನ ಹೊಟ್ಟೆಕಿಚ್ಚು

ಹೇಳೋಣ, ಹೇಳೋಣ ಎಂದು ಎಷ್ಟೋ ಮಂಜಿನ ಕಾಲ ಕಳೆದುಬಿಟ್ಟೆ. ಇವತ್ತು ಹೇಳಿಯೇ ಬಿಡುತ್ತೇನೆ. ನನ್ನ ಚಿಕ್ಕಪ್ಪನ ಮಗ ಬೆಳ್ಳಿಯಷ್ಟು ಉಪಕಾರಗೆಟ್ಟ ಮನುಷ್ಯ ಈ ನೀಲಗಿರಿಯಲ್ಲೇ ಇಲ್ಲ!

ಹುಟ್ಟಿನಿಂದಲೇ ಅವನ ಕಾಲಿಗೆ ಬಲವಿಲ್ಲ. ಮದುವೆಯಿರಲಿ, ಹಬ್ಬವಿರಲಿ, ಬೆನ್ನ ಮೇಲೆ ಹೊತ್ತವನು ನಾನು. "ಎಂಥ ಅಣ್ಣ!" ಎಂದು ಹಟ್ಟಿಗೆ ಹಟ್ಟಿಯೇ ಹೊಗಳುತ್ತಿತ್ತು. ಅವನಿಗೆ ಊಟದ ಪಂಕ್ತಿಗೆ ಹೋಗಬೇಕು, ನನಗೆ ಇಸ್ಪೀಟಿಗೆ. ಕಾಲು ಯಾರವು? ನನ್ನವು. ಹಾಗಾಗಿ ಇಬ್ಬರೂ ಇಸ್ಪೀಟಿಗೆ!

ಆಮೇಲೆ ವೀಲ್‌ಚೇರ್ ಬಂತು. ಬೇರೆ ಮನೆ ಮಾಡಿದ. ತಾನೇ ಬೇಯಿಸಿ ತಿಂದ. ಒಂದು ದಿನ ಎಂದಿನಂತೆ ಒಳಗೆ ನುಗ್ಗಿದೆ.

"ಅಣ್ಣ, ಬಾಗಿಲು ತಟ್ಟಿ ಬಾ."

ಹೊರಗೆ ಹೋಗಿ ತಟ್ಟಿದೆ.

"ಯಾರದು?" ಎನ್ನಬೇಕೆ!

ಅಷ್ಟಕ್ಕೇ ಮುಗಿಯಲಿಲ್ಲ. ಅಂಗವಿಕಲರು ತಮ್ಮ ಬದುಕನ್ನು ತಾವೇ ನಡೆಸಲು ಏನೇನು ಬೇಕೆಂದು ಸರ್ಕಾರಕ್ಕೆ ಹೇಳುವ ರಾಜ್ಯ ಸಲಹಾ ಮಂಡಳಿಗೆ ಇವನನ್ನು ಸದಸ್ಯನನ್ನಾಗಿ ಮಾಡಿದರು. ಹೊತ್ತು ಹೊತ್ತು ಸೊಂಟ ಬಿದ್ದದ್ದು ನನ್ನದು, ಚೆನ್ನೈಗೆ ಹೋಗಿ ಮಾತಾಡುವವನು ಇವನೇ? ನನ್ನನ್ನು ಹಟ್ಟಿಯ ಹಬ್ಬದ ಸಮಿತಿಗೂ ಯಾರೂ ಕರೆದಿರಲಿಲ್ಲ!

ಮೊದಲ ಸಭೆಗೆ ಹೊರಡುವ ದಿನ, ಅವನು ಸ್ನಾನಕ್ಕೆ ಹೋದಾಗ ಜಗಲಿಯಲ್ಲಿದ್ದ ಕುರ್ಚಿಯ ಚಕ್ರಗಳ ಗಾಳಿ ಬಿಟ್ಟೆ. ಪಂಪನ್ನು ನಮ್ಮ ಮನೆಯ ಸೌದೆಯ ಹಿಂದೆ ಬಚ್ಚಿಟ್ಟೆ. ಆಮೇಲೆ ಏನೂ ಅರಿಯದವನಂತೆ ಅವನ ಮುಂದೆ ಕುಕ್ಕರಗಾಲಲ್ಲಿ ಕೂತು ಬೆನ್ನು ಕೊಟ್ಟೆ.

"ಹತ್ತು ಮಾರಾಯ, ಮಂಜೂರಿನ ಬಸ್ಸು ಬರುತ್ತೆ."

ಅವನು ಚಕ್ರ ನೋಡಿದ, ನನ್ನ ಮುಖ ನೋಡಿದ.

"ಬೇಡಣ್ಣ. ಹೊರಲೇಬೇಕು ಅನ್ನಿಸಿದರೆ ಕುರ್ಚಿ ಹೊತ್ಕೊಂಡು ಬಾ."

ಬಿಳಿ ಅಂಗಿ ತೊಟ್ಟವನು ನೆಲಕ್ಕಿಳಿದು, ಕೈಯೂರಿ, ಟೀ ತೋಟದ ಕೆಸರು ದಾರಿಯಲ್ಲಿ ತೆವಳುತ್ತಾ ಹೊರಟ. ಹಿಂದೆ ನಾನು, ತಲೆಯ ಮೇಲೆ ಖಾಲಿ ಕುರ್ಚಿ! ಎಲೆ ಕೀಳುವವರೆಲ್ಲ ಕೈ ನಿಲ್ಲಿಸಿ ನೋಡಿದರು. ಚೀಲದಲ್ಲಿ ಬೇರೆ ಅಂಗಿಯಿದ್ದರೂ ಸಭೆಯಲ್ಲಿ ಆ ಕೆಸರಂಗಿಯಲ್ಲೇ ಕೂತನಂತೆ. ಇದೇನೆಂದು ಕೇಳಿದವರಿಗೆ, "ನಮ್ಮೂರ ದಾರಿ" ಅಂದನಂತೆ. ನನ್ನ ಹೆಸರು ಎತ್ತಲಿಲ್ಲ.

ಈಗ ಆ ಕೆಸರು ದಾರಿಯಲ್ಲಿ ಸಿಮೆಂಟಿನ ಇಳಿಜಾರಿದೆ, ಹಿಡಿಯಲು ಕಬ್ಬಿಣದ ಕಂಬಿಯಿದೆ. ನನ್ನ ಮಂಡಿಗಳು ಕೈಕೊಟ್ಟಿವೆ. ಮೊನ್ನೆ ಕಂಬಿ ಹಿಡಿದು ಅರ್ಧ ದಾರಿಯಲ್ಲೇ ನಿಂತುಬಿಟ್ಟೆ. ಕುರ್ಚಿ ಪಕ್ಕಕ್ಕೆ ಬಂತು.

"ಅಣ್ಣ, ಕೈ ಕೊಡಲಾ?"

ಕೇಳಿದ! ಅಷ್ಟು ವರ್ಷ ಹೊತ್ತೆನಲ್ಲ, ಎತ್ತಲಾ ಎಂದು ನಾನು ಒಂದು ದಿನವೂ ಅವನನ್ನು ಕೇಳಿರಲಿಲ್ಲ.

"ಕೊಡು" ಅಂದೆ. ಅವನ ಕೈ ಹಿಡಿದು ಮೇಲೆ ಹತ್ತಿದೆ; ಆಗ ಹೇಳದ್ದನ್ನು ಈಗ ಹೇಳುತ್ತೇನೆ.

ಪಂಪು ಇನ್ನೂ ನಮ್ಮ ಸೌದೆಯ ಹಿಂದೆಯೇ ಇದೆ, ಬೆಳ್ಳಿ.