ಕಾಕಾನ ಕಾಯಂ ವಿಳಾಸ

ನಮ್ಮ ಕಾಕಾ ಮೊನ್ನೆ ಮೊನ್ನೆಯವರೆಗೂ ನೀರಿನೊಳಗೆ ವಾಸವಾಗಿದ್ದ. ನಗಬೇಡಿ! ಇದನ್ನು ನಾನು ಹೇಳುತ್ತಿಲ್ಲ, ಅವನ ಆಧಾರ್ ಕಾರ್ಡು ಹೇಳುತ್ತಿತ್ತು. ಸರ್ಕಾರದ ಕಾಗದ ಎಲ್ಲಾದರೂ ಸುಳ್ಳು ಹೇಳುತ್ತದೆಯೇ?

ವಿಷಯ ಇಷ್ಟೇ. ಆಲಮಟ್ಟಿಯ ಹಿನ್ನೀರು ಹಳೇ ಬಾಗಲಕೋಟೆಯ ತಗ್ಗಿನ ಓಣಿಗಳನ್ನು ನುಂಗಿದಾಗ ಅವನ ಮನೆಯೂ ಹೋಯಿತು. ಎಲ್ಲರಂತೆ ಅವನಿಗೂ ನವನಗರದಲ್ಲಿ ಜಾಗ ಸಿಕ್ಕಿತು. ಮನೆ ಕಟ್ಟಿಸಿದ. ಇಪ್ಪತ್ತು ಚಿಲ್ಲರೆ ವರ್ಷಗಳಿಂದ ಅಲ್ಲೇ ಉಂಡು ಮಲಗುತ್ತಿದ್ದಾನೆ. ಆದರೆ ಕಾಗದದಲ್ಲಿ ಮಾತ್ರ ಊರು ಬಿಟ್ಟಿರಲಿಲ್ಲ. ಹಳೆಯ ರೇಷನ್ ಕಾರ್ಡು ತೋರಿಸಿ ಆಧಾರ್‌ನಲ್ಲೂ ಹಳೇ ಓಣಿಯನ್ನೇ ಬರೆಸಿದ ಮಹಾನುಭಾವ! ನವನಗರದ ಮನೆಯ ಗೋಡೆಗೆ ಒಂದು ಮೊಳೆಯನ್ನೂ ಹೊಡೆದಿರಲಿಲ್ಲ. ಮೊಳೆ ಹೊಡೆಯುವುದು ಕಾಯಂ ಮನೆಗಂತೆ. ಹೀಗಾಗಿ ಅಲ್ಲಿ ಕ್ಯಾಲೆಂಡರು ಕುರ್ಚಿಯ ಮೇಲೆ ಕುಳಿತಿರುತ್ತಿತ್ತು, ಬಂದ ಬೀಗರು ನಿಂತಿರುತ್ತಿದ್ದರು.

ನವನಗರದಲ್ಲಿ ನನ್ನದೊಂದು ಆನ್‌ಲೈನ್ ಸೆಂಟರ್ ಇದೆ. ಊರ ಮಂದಿಯ ಅರ್ಜಿಗಳನ್ನೆಲ್ಲ ತಪ್ಪಿಲ್ಲದೆ ತುಂಬುವ ನನಗೆ ನಮ್ಮ ಮನೆತನದಲ್ಲೇ ಇಂಥ ರತ್ನ! ಒಮ್ಮೆ ಅವನನ್ನು ಬ್ಯಾಂಕಿಗೆ ಕರೆದುಕೊಂಡು ಹೋದೆ. ಕಾಯಂ ವಿಳಾಸ ಹಳೇ ಓಣಿ, ತಾತ್ಕಾಲಿಕ ವಿಳಾಸ ನವನಗರ ಎಂದು ಬರೆದ. ದಕ್ಷಿಣದ ಕಡೆಯಿಂದ ಹೊಸದಾಗಿ ಬಂದ ಮ್ಯಾನೇಜರು ಪಾಪ, ಕೇಳಿಯೇ ಬಿಟ್ಟರು.

"ಈ ಕಾಯಂ ವಿಳಾಸದಲ್ಲಿ ನೀವು ಯಾವಾಗ ಸಿಗುತ್ತೀರಿ?"

"ಬ್ಯಾಸಗ್ಯಾಗ ಬರ್ರಿ. ನೀರು ಇಳದಿರ್ತೈತಿ."

ಮ್ಯಾನೇಜರು ಅದನ್ನೂ ಬರೆದುಕೊಂಡರು.

ಇಂಥ ಕಾಕಾನ ಮನೆಯ ಮಾಳಿಗೆ ಕೋಣೆಗೆ ಈ ವರ್ಷ ತಾಂಜಾನಿಯಾದ ಹುಡುಗಿಯೊಬ್ಬಳು ಬಾಡಿಗೆಗೆ ಬಂದಳು. ವಿದ್ಯಾಗಿರಿಯ ಕಾಲೇಜೊಂದಕ್ಕೆ ಓದಲು ಬಂದವಳು, ಹಾಸ್ಟೆಲಿನಲ್ಲಿ ಜಾಗವಿರಲಿಲ್ಲ. ಅವಳ ಭಾಷೆಯಲ್ಲಿ ಕಾಕಾ ಎಂದರೆ ಅಣ್ಣನಂತೆ. ಅದನ್ನು ಕೇಳಿದ ದಿನ ನಮ್ಮ ಕಾಕಾ ಎರಡು ಸಲ ತಲೆ ಬಾಚಿಕೊಂಡ! ಕಾಕಿ ಅವಳನ್ನು ಕಂಡಾಗಲೆಲ್ಲ "ಚಾ ಆತು? ಊಟ ಆತು?" ಎನ್ನುತ್ತಿದ್ದಳು. ಹುಡುಗಿ ಕಲಿತ ಮೊದಲ ಕನ್ನಡ ಮಾತೇ "ಆತು".

ಹೀಗೆ ಓದಲು ಬಂದ ವಿದೇಶಿಯರು ಹದಿನಾಲ್ಕು ದಿನದೊಳಗೆ ವಿದೇಶಿಯರ ನೋಂದಣಿ ಕಚೇರಿಯಲ್ಲಿ ಹೆಸರು ನೋಂದಾಯಿಸಬೇಕು. ತಪ್ಪಿದರೆ ದಂಡ, ಆಮೇಲೆ ವೀಸಾಕ್ಕೇ ಸಂಚಕಾರ. ಅರ್ಜಿ ತುಂಬಲು ಅವಳು ನನ್ನ ಸೆಂಟರಿಗೆ ಬಂದಳು. ಕಾಕಾನೂ ಬಂದು ಪಕ್ಕದಲ್ಲಿ ಕುಳಿತ. ಹುಟ್ಟಿದ್ದೆಲ್ಲಿ, ಹಿಂದೆ ಇದ್ದದ್ದೆಲ್ಲಿ, ಇಲ್ಲಿ ಎಷ್ಟು ದಿನ ಇರುತ್ತೀರಿ? ಅರ್ಜಿಯ ಒಂದೊಂದೇ ಪ್ರಶ್ನೆ ಕೇಳಿಸಿಕೊಳ್ಳುತ್ತ ಕಾಕಾನಿಗೆ ಹೊಟ್ಟೆಕಿಚ್ಚು ಶುರುವಾಯಿತು.

"ನಿನ್ನೆ ಮೊನ್ನೆ ಬಂದಾಕಿನ್ನ ಎಷ್ಟ ಚಂದ ವಿಚಾರಸ್ತಾರ ನೋಡಲೇ! ನಾ ಇಷ್ಟ ವರ್ಷದಿಂದ ಇಲ್ಲೆ ಪರದೇಶಿ ಅದೀನಿ, ನನ್ನ ಯಾರರ ಕೇಳ್ಯಾರೇನು?"

"ನಿನಗ ವೀಸಾ ಕೊಟ್ಟಾವ್ರು ಯಾರು ಕಾಕಾ?"

"ಡ್ಯಾಮಿನವ್ರು!"

ಅವಳು ಬಂದ ಆರನೇ ದಿನ ಅರ್ಜಿ ತಿರುಗಿ ಬಂತು. ಮನೆ ಕಾಕಾನ ಹೆಸರಿನಲ್ಲಿದೆ, ಬಾಡಿಗೆ ಕರಾರಿಗೆ ಅವನದೇ ಸಹಿ. ಆದರೆ ಮಾಲೀಕರ ಗುರುತಿನ ಚೀಟಿಯ ವಿಳಾಸ ತಾಳೆಯಾಗುತ್ತಿಲ್ಲ, ಸರಿಪಡಿಸಿ ಮತ್ತೆ ಸಲ್ಲಿಸಿ ಎಂದಿತ್ತು. ತಾಳೆಯಾಗುವುದಾದರೂ ಹೇಗೆ? ಹುಡುಗಿ ಮಾಳಿಗೆಯ ಮೇಲೆ, ಮಾಲೀಕ ನೀರಿನ ಕೆಳಗೆ!

"ವಿಳಾಸ ಬದಲಿಸು ಕಾಕಾ, ಐದು ನಿಮಿಷದ ಕೆಲಸ" ಎಂದೆ, ಅವನ ಮನೆಗೇ ಹೋಗಿ.

"ಆಗೂದಿಲ್ಲ. ಊರು ಮುಳುಗಿದ್ದು ನೀರಾಗ, ಕಾಗದದಾಗ ಅಲ್ಲ. ಕಾಗದದಾಗೂ ನಾನ ಮುಳುಗಸಬೇಕೇನು?"

ಒಳಗಿನಿಂದ ಕಾಕಿಯ ದನಿ ಬಂತು. "ಹಂಗಿದ್ರ ಅಲ್ಲೇ ಹೋಗಿ ಉಣ್ರಿ. ನಾ ಇಲ್ಲಿ ತಾತ್ಕಾಲಿಕ ರೊಟ್ಟಿ ಬಡಿಯಾಕತ್ತಿಲ್ಲ!"

ಕಾಕಾ ಜಗ್ಗಲಿಲ್ಲ. ನಾನು ಹುಡುಗಿಗೆ ಇದ್ದದ್ದನ್ನು ಇದ್ದಂತೆ ಹೇಳಿದೆ. ಅವಳು ಸಿಟ್ಟಾಗಲಿಲ್ಲ. ಮರುದಿನ ಬೆಳಿಗ್ಗೆ ಸೂಟ್‌ಕೇಸು ಎತ್ತಿಕೊಂಡು ಕೆಳಗಿಳಿದು ಬಂದು ನನಗೆ ಫೋನ್ ಮಾಡಿದಳು. ಹೋದೆ. ಅಂಗಳದಲ್ಲಿ ಸೂಟ್‌ಕೇಸು, ಅದರ ಮೇಲೆ ಮಡಚಿದ ಚಾದರ, ಪಕ್ಕದಲ್ಲಿ ಹೊಸದಾಗಿ ಕೊಂಡ ಬಕೆಟ್ಟು. ಕಾಕಾ ಅವನ್ನೇ ನೋಡುತ್ತ ನಿಂತಿದ್ದ.

"ಏನಂತಾಳಲೇ?"

"ಬ್ಯಾರೆ ಮನಿ ನೋಡ್ಕೋತಾಳಂತ. ನಿನಗ ತ್ರಾಸ ಕೊಡೂದು ಬ್ಯಾಡಂತ."

ಕಾಕಾ ಬಕೆಟ್ಟು ಎತ್ತಿಕೊಂಡ.

"ಬಂದು ವಾರ ಆಗೇತಿ. ಅಷ್ಟರಾಗ ಮನಿ ಬಿಡಸಾಕ ನಾವೇನು ಹಿನ್ನೀರೇನು? ಮ್ಯಾಲ ಹೋಗಂತ ಹೇಳು ಆಕಿಗೆ."

ಬಕೆಟ್ಟನ್ನು ತಾನೇ ಮಾಳಿಗೆಯಲ್ಲಿ ಇಟ್ಟು ಬಂದು, ನನ್ನ ಗಾಡಿಯ ಹಿಂದೆ ಕುಳಿತ. ಕಾಕಿಯನ್ನೂ ಸೆಂಟರಿಗೆ ಕರೆಸಿದೆ. ಅವಳು ತನ್ನ ಆಧಾರ್‌ನಲ್ಲಿ ಎಂದೋ ನವನಗರಕ್ಕೆ ಬಂದಾಗಿತ್ತು. ಹೀಗಾಗಿ ಈ ಅರ್ಜಿಯ ಮಟ್ಟಿಗೆ ಕುಟುಂಬದ ಮುಖ್ಯಸ್ಥೆ ಅವಳೇ. ಇವರು ನಮ್ಮ ಮನೆಯಲ್ಲೇ ಇರುತ್ತಾರೆ ಎಂದು ಅವಳು ಒಪ್ಪಿಗೆ ಕೊಡಬೇಕು.

"ವಿಚಾರ ಮಾಡಿ ಹೇಳ್ತೇನಿ" ಎಂದಳು ಕಾಕಿ. ಇಷ್ಟು ವರ್ಷಗಳಲ್ಲಿ ಅವಳಿಗೆ ಸಿಕ್ಕ ಅತಿ ದೊಡ್ಡ ಅಧಿಕಾರ ಅದು!

ಕೊನೆಗೂ ಒಪ್ಪಿದಳು. ಎಲ್ಲ ತುಂಬಿ ಕೊನೆಯ ಗುಂಡಿ ಒತ್ತುವಾಗ ಕಾಕಾ ನನ್ನ ಕೈ ಹಿಡಿದ.

"ತಡಿಲೇ. ಹಳೇದು ಒಂದ್ಸಲ ಓದು."

ಓದಿದೆ. ಮನೆಯ ನಂಬರು, ಓಣಿ, ಬೇವಿನ ಗಿಡದ ಎದುರು.

"ಇನ್ನೊಮ್ಮೆ."

ಮತ್ತೆ ಓದಿದೆ. ನಾನು ಅಂಬೆಗಾಲಿಟ್ಟದ್ದೂ ಆ ಬೇವಿನ ಗಿಡದ ಎದುರಿನ ಅಂಗಳದಲ್ಲೇ. ನಾನದನ್ನು ಮರೆತು ಆರಾಮವಾಗಿದ್ದೆ, ಮರೆಯದವನನ್ನು ಗೇಲಿ ಮಾಡುತ್ತಿದ್ದೆ. ನಾಚಿಕೆಯಾಯಿತು. ಕಾಕಿಯೂ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಹೂಂ. ಒತ್ತು ಇನ್ನ" ಎಂದ ಕಾಕಾ.

ಹೊಸ ವಿಳಾಸ ಹನ್ನೆರಡನೇ ದಿನ ಬಂತು. ಅಂದೇ ಹುಡುಗಿಯ ಅರ್ಜಿ ಮತ್ತೆ ಹೋಯಿತು. ಒಪ್ಪಿಗೆಯಾದ ಸುದ್ದಿ ಮೊಬೈಲಿಗೆ ಬಂದಾಗ ನಾನು ಕಾಕಾನ ಮನೆಯಲ್ಲೇ ಚಹಾ ಕುಡಿಯುತ್ತಿದ್ದೆ. ಅವಳು ಮೆಟ್ಟಿಲ ಮೇಲಿಂದಲೇ ಕೂಗಿದಳು.

"ಕಾಕಾ, ಆತು! ಆತು!"

"ನಂದೂ ಆತವ್ವಾ" ಎಂದ ಕಾಕಾ. ಕುರ್ಚಿಯ ಮೇಲಿನ ಕ್ಯಾಲೆಂಡರು ಕೈಗೆತ್ತಿಕೊಂಡು, ಸುತ್ತಿಗೆ ಎಲ್ಲಿದೆ ಎಂದು ಕಾಕಿಯನ್ನು ಕೇಳಿದ.

ಆ ಮನೆಯಲ್ಲಿ ಸುತ್ತಿಗೆ ಎಲ್ಲಿಂದ ಬರಬೇಕು? ಕಾಕಿ ಪಕ್ಕದ ಮನೆಗೆ ಓಡಿದಳು.